ಉಳದಾವ ಏನ ಪಾಪ ಮಾಡ್ಯಾವ?

ಹಳೆಯ ಕನ್ನಡ ಕವನ ಸಂಕಲನ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಕವಿತೆಯನ್ನಲ್ಲ, ಒಳಪುಟದ ಸಣ್ಣಕ್ಷರದ ಸಾಲುಗಳನ್ನು. ಮೊದಲನೆಯ ಮುದ್ರಣ, ಪ್ರತಿಗಳು 1000. ಕೆಲವು ಸಲ 500. ಅದರ ಕೆಳಗೆ ಮುದ್ರಣಾಲಯದ ಹೆಸರು, ಬೆಲೆ ಎಂಟಾಣೆಯೋ ಒಂದು ರೂಪಾಯಿಯೋ. ಇಂಗ್ಲೆಂಡ್, ಅಮೆರಿಕದ ಕವಿಗಳು ಬೇಕೆಂದೇ ಐವತ್ತೋ ನೂರೋ ಪ್ರತಿ ಮಾತ್ರ ಅಚ್ಚು ಹಾಕಿಸಿ, ಒಂದೊಂದಕ್ಕೂ ಅಂಕಿ ಕೊಟ್ಟು, ಕೆಳಗೆ ಸಹಿ ಮಾಡಿ ಮಾರುವುದುಂಟು. ಅಂಥ ತೆಳ್ಳನೆಯ ಕಿರುಪುಸ್ತಕಗಳನ್ನು ಹುಡುಕಿ ಹುಡುಕಿ ಕೂಡಿಡುವ ಶೋಕಿಯ ಜನರೂ ಅಲ್ಲಿ ಬಹಳ. ನಮ್ಮ ಕವಿಗೆ ಆ ಅಂಕಿಯ ಉಪಚಾರ ಬೇಕಾಗಲೇ ಇಲ್ಲ. ಅವನ ಎಲ್ಲ ಮುದ್ರಣಗಳೂ ಸೀಮಿತ ಮುದ್ರಣಗಳೇ. ಒಂದಷ್ಟು ಪ್ರತಿ ಗೌರವ ಪ್ರತಿಯೆಂದು ಹಂಚಿಹೋದವು, ಒಂದಷ್ಟು ಮಾರಾಟವಾದವು, ಉಳಿದದ್ದನ್ನು ಗೆದ್ದಲು ತಿಂದಿತು. ಎರಡನೆಯ ಮುದ್ರಣ ಬರಲಿಲ್ಲ. ನಲವತ್ತು ವರ್ಷದ ಮೇಲೆ ಪುಸ್ತಕ ತಾನಾಗಿಯೇ ‘ಅಪರೂಪ’ವಾಯಿತು.

ಈ ಬಗೆಯ ತೆಳ್ಳನೆಯ ಕಿರುಪುಸ್ತಕ ಹುಟ್ಟಿದ್ದೇ ಅಗ್ಗಕ್ಕೆ. ಹದಿನೇಳು, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಊರೂರು ತಿರುಗುವ ವ್ಯಾಪಾರಿಗಳು ಸೂಜಿ, ದಾರ, ಗುಂಡಿಗಳ ಜೊತೆಗೆ ಇವನ್ನೂ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ಹಾಳೆಯನ್ನು ಮಡಿಚಿದರೆ ಹದಿನಾರು ಪುಟ. ಬೆಲೆ ಒಂದು ಪೆನ್ನಿ. ಓದಿ ಮುಗಿದ ಮೇಲೆ ಆ ಕಾಗದ ಸಾಮಾನು ಕಟ್ಟಲು ಹೋಗುತ್ತಿತ್ತು. ನಮ್ಮ ಬೆಳಗಾವಿ ಸೀಮೆಯಲ್ಲಿ ಇದರ ಅಣ್ಣತಮ್ಮಂದಿರನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಸಿರಸಂಗಿಯಿಂದ ಸವದತ್ತಿಗೆ ಹೋಗಿ, ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಯಲ್ಲಮ್ಮನ ಗುಡ್ಡ ಹತ್ತಿದರೆ ಸಾಕು. ಭಂಡಾರ, ಬಳಿ, ಕುಂಕುಮದ ಅಂಗಡಿಗಳ ಸಾಲಿನಲ್ಲಿ ಅಮ್ಮನ ಪದಗಳ ಪುಸ್ತಕ, ಭಜನಿ ಪದಗಳ ಪುಸ್ತಕ ಹರವಿಕೊಂಡು ಕುಳಿತವರು ಇರುತ್ತಾರೆ. ನಡುವೆ ಎರಡು ಪಿನ್ನು, ಮೇಲೆ ಕೆಂಪು ಹಳದಿಯ ಹೊದಿಕೆ. ಇವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಾಪಾಡಿದವರನ್ನು ನಾನು ಇನ್ನೂ ಕಂಡಿಲ್ಲ. ಪದ ಬಾಯಿಗೆ ಬಂದ ಮೇಲೆ ಪುಸ್ತಕದ ಹಂಗು ಮುಗಿಯಿತು.

ಅಗ್ಗದ್ದೇ ಒಂದು ದಿನ ಅತಿ ತುಟ್ಟಿಯಾಗುವುದು ಈ ವ್ಯವಹಾರದ ವಿಚಿತ್ರ. 1827ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ನಲವತ್ತು ಪುಟದ ಕವನ ಪುಸ್ತಕ ಅಚ್ಚು ಹಾಕಿಸಿದ. ಐವತ್ತು ಪ್ರತಿ ಇದ್ದಿರಬೇಕೆಂದು ಅಂದಾಜು. ಹೆಸರು ಕೂಡ ಹಾಕಿಕೊಳ್ಳಲಿಲ್ಲ, ‘ಬಾಸ್ಟನ್ನಿನವನೊಬ್ಬ’ ಎಂದಷ್ಟೇ ಇತ್ತು. ಆಗ ಅದನ್ನು ಕೇಳುವವರಿರಲಿಲ್ಲ. ಹುಡುಗ ಎಡ್ಗರ್ ಅಲನ್ ಪೋ. ಇಂದು ಆ ಪುಸ್ತಕದ ಹನ್ನೆರಡು ಪ್ರತಿಗಳು ಉಳಿದಿರುವುದು ಗೊತ್ತಿದೆ; ಅದರಲ್ಲೊಂದು 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 6,62,500 ಡಾಲರಿಗೆ ಹೋಯಿತು. ಕವಿ ಬಡತನದಲ್ಲೇ ಬದುಕಿ ಸತ್ತು 160 ವರ್ಷ ಆಗಿತ್ತು. ಆ ದುಡ್ಡಿನಲ್ಲಿ ಕವಿತೆಯ ಪಾಲೆಷ್ಟು, ಐವತ್ತರಲ್ಲಿ ಮೂವತ್ತೆಂಟು ಪ್ರತಿಗಳನ್ನು ಹಾಳು ಮಾಡಿದ ಜನರ ಪಾಲೆಷ್ಟು? ಉಳಿದ ಎಲ್ಲ ಪ್ರತಿಗಳನ್ನೂ ಜೋಪಾನ ಮಾಡಿದ್ದರೆ ಅಷ್ಟು ಬೆಲೆ ಬರುತ್ತಲೇ ಇರಲಿಲ್ಲ. ನಾವು ‘ಅಪರೂಪ’ ಎಂದು ಕಣ್ಣರಳಿಸುವಾಗ ಅಲ್ಲಿ ಅರ್ಧಕ್ಕರ್ಧ ನಮ್ಮದೇ ಅಲಕ್ಷ್ಯಕ್ಕೆ ಬೆಲೆ ಕಟ್ಟಿರುತ್ತೇವೆ.

ಇನ್ನು ಸಹಿಯ ಮಾತು. ಹಿಂದೆ ಜನಪ್ರಿಯ ನಾಟಕ, ಪದಗಳ ಪುಸ್ತಕಗಳಲ್ಲಿ ಗ್ರಂಥಕರ್ತರ ಸಹಿ ಇಲ್ಲವೆ ಮುದ್ರೆ ಇಲ್ಲದ ಪ್ರತಿಯನ್ನು ಕದ್ದದ್ದೆಂದು ತಿಳಿಯಬೇಕೆಂಬ ಎಚ್ಚರಿಕೆ ಕಾಣುತ್ತಿತ್ತು. ಕಳ್ಳ ಮುದ್ರಣ ತಡೆಯುವ ಬೀಗ ಅದು. ಪ್ರೀತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅದಕ್ಕೂ ಹಿಂದಕ್ಕೆ ಹೋದರೆ, ನಮ್ಮ ಮಲಪ್ರಭೆ ಹರಿದು ಕೃಷ್ಣೆಯನ್ನು ಕೂಡುವ ಸಂಗಮದ ದೇವರ ಹೆಸರನ್ನೇ ಬಸವಣ್ಣನವರು ತಮ್ಮ ವಚನಗಳ ಕೊನೆಗೆ ಇಟ್ಟರು. ತಮ್ಮ ಹೆಸರು ಹಾಕಲಿಲ್ಲ. ಬೇಂದ್ರೆಯವರೂ ಕವಿತೆಯ ಮಟ್ಟಿಗೆ ದತ್ತಾತ್ರೇಯ ರಾಮಚಂದ್ರ ಆಗಿ ನಿಲ್ಲದೆ, ತಾಯಿ ಅಂಬಿಕೆಯ ಮಗ ಅಂಬಿಕಾತನಯದತ್ತ ಆದರು. ಸಹಿಯಲ್ಲಿ ಕೂಡ ‘ನಾನು’ ಸ್ವಲ್ಪ ಹಿಂದೆ ಸರಿದು ನಿಲ್ಲುವ ಈ ಪರಂಪರೆಯಲ್ಲಿ, ಸಹಿಯೊಂದನ್ನೇ ಬೆನ್ನಟ್ಟಿ ಹೋಗುವ ಸಂಗ್ರಾಹಕ ನನಗೆ ತುಸು ಪರಕೀಯನಾಗಿ ಕಾಣುತ್ತಾನೆ. ಹಾಗೆಂದು ಅವನನ್ನು ತಿರಸ್ಕರಿಸಲೂ ಆರೆ. ಬೇಂದ್ರೆಯವರ ‘ಗರಿ’ ಬಂದದ್ದು 1932ರಲ್ಲಿ. ಅದರೊಳಗಿನ ‘ನರಬಲಿ’ ಕವನವನ್ನು ನೆಪ ಮಾಡಿಕೊಂಡು ಬ್ರಿಟಿಷ್ ಸರಕಾರ ಅವರನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಕಳಿಸಿತು, ಆಮೇಲೆ ಮುಗದದಲ್ಲಿ ನಿರ್ಬಂಧದಲ್ಲಿಟ್ಟಿತು. ಒಂದು ಕವಿತೆಗೆ ಸರಕಾರ ಹೆದರಿದ ಆ ವರ್ಷದ ಪ್ರತಿಯನ್ನು ಕೈಯಲ್ಲಿ ಹಿಡಿಯಬೇಕೆಂಬ ಆಸೆಯನ್ನು ಶೋಕಿ ಎಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ನನಗೂ ಆ ಆಸೆ ಇದೆ.

ಕನ್ನಡದಲ್ಲಿ ಸಹಿಯಿರುವ ಹಳೆಯ ಪ್ರತಿ ಎಂದರೆ ಹತ್ತರಲ್ಲಿ ಒಂಬತ್ತು ಸಲ ಕವಿ ಯಾರಿಗೋ ಕೊಟ್ಟ ಪ್ರತಿ. ‘ಪ್ರೀತಿಯಿಂದ’, ‘ಸಸ್ನೇಹ’, ‘ಅಭಿಪ್ರಾಯಕ್ಕಾಗಿ’, ಅದರ ಮೇಲೆ ಒಬ್ಬರ ಹೆಸರು, ಕೆಳಗೆ ಊರು, ತಾರೀಖು. ಅದು ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲೋ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಸಿಕ್ಕಿತೆಂದರೆ ಸಿಕ್ಕವನಿಗೆ ಲಾಟರಿ. ಅದರ ಹಿಂದೆ ಒಂದು ಮನೆ ಖಾಲಿಯಾಗಿದೆ, ಒಬ್ಬರ ಕಪಾಟನ್ನು ಮಕ್ಕಳು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟಿದ್ದಾರೆ ಎಂಬುದು ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ. ನೆನಪಾಗಬೇಕೆಂದು ನನ್ನ ಹಟವೂ ಅಲ್ಲ. ಆದರೆ ಸ್ವೀಕರಿಸಿದವರ ಹೆಸರಿರುವ ಹಾಳೆಯನ್ನು ಕತ್ತರಿಸಿ, ಬರೀ ಸಹಿ ಉಳಿಸಿಕೊಂಡು ಚೌಕಟ್ಟು ಹಾಕಿಸುವವರಿದ್ದಾರೆ. ಅದು ಮಾತ್ರ ಕ್ಷಮೆಗೆ ಯೋಗ್ಯವಲ್ಲ. ಇಬ್ಬರ ನಡುವಿನ ಮಾತಿನಲ್ಲಿ ಒಬ್ಬರ ಬಾಯಿ ಹೊಲಿದಂತೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಹವ್ಯಾಸದ ಗೆಳೆಯನೊಬ್ಬ ಬೆಂಗಳೂರಿನಿಂದ ಬಂದಿದ್ದ. ಸಿರಸಂಗಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ತೀರಿಕೊಂಡ ಕನ್ನಡ ಶಾಲೆಯ ಮಾಸ್ತರರೊಬ್ಬರ ಮನೆಗೆ ಅವನನ್ನು ಕರೆದುಕೊಂಡು ಹೋದೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿ ಚಂದಾದಾರರ ಬಲದ ಮೇಲೆ ಪುಸ್ತಕ ತಂದರಲ್ಲ, ಅಂಥ ಚಂದಾ ಕೊಟ್ಟು ಓದುವ ಚಟ ಹತ್ತಿಸಿಕೊಂಡವರ ಪೈಕಿ ಆ ಮಾಸ್ತರರು. ಮಾಸ್ತರರ ಹೆಂಡತಿ, ಎಂಬತ್ತು ದಾಟಿದ ಆಯಿ, ಪಡಸಾಲೆಯಲ್ಲಿ ತಗಡಿನ ಟ್ರಂಕು ತೆಗೆದು ಮುಂದಿಟ್ಟರು. ಬೇಂದ್ರೆಯವರ ಸಹಿಯಿದ್ದ ಒಂದು ಪುಸ್ತಕ ನಿಜಕ್ಕೂ ಇತ್ತು. ಗೆಳೆಯನ ಕೈ ನಡುಗಿತು. ಉಳಿದವು? ಬೈಲಹೊಂಗಲ, ರಾಮದುರ್ಗ, ಗದಗ, ಹುಬ್ಬಳ್ಳಿಯ ಚಿಕ್ಕ ಚಿಕ್ಕ ಮುದ್ರಣಾಲಯಗಳಲ್ಲಿ ಅಚ್ಚಾದ ತೆಳ್ಳನೆಯ ಪುಸ್ತಕಗಳು. ಒಬ್ಬ ಮಾಸ್ತರರು ಬರೆದ ಮಕ್ಕಳ ಪದ್ಯ, ಮಠವೊಂದರ ಸ್ವಾಮಿಗಳ ಚರಿತ್ರೆ ಷಟ್ಪದಿಯಲ್ಲಿ, ಬಡ್ತಿಯಾಗಿ ಹೋಗುವ ಸಾಹೇಬರಿಗೆ ಬಿನ್ನವತ್ತಳೆ, ಗೀಗೀ ಪದ, ಬರಗಾಲದ ಮೇಲೊಂದು ಲಾವಣಿ. ಒಂದರಲ್ಲಿ ಮೊಳೆ ಜೋಡಿಸುವವರು ಮಾಡಿದ ತಪ್ಪನ್ನು ಕವಿ ನೀಲಿ ಮಸಿಯಲ್ಲಿ ತಾನೇ ತಿದ್ದಿದ್ದ, ಪುಟಪುಟಕ್ಕೂ. ಎಲ್ಲ ಪ್ರತಿಗಳನ್ನೂ ಹೀಗೆ ಕೂತು ತಿದ್ದಿರಬೇಕು ಪುಣ್ಯಾತ್ಮ.

ಗೆಳೆಯ ಸಹಿಯಿದ್ದ ಒಂದನ್ನು ಎತ್ತಿಕೊಂಡು ಬೆಲೆ ಕೇಳಿದ. ಆಯಿ ಹೇಳಿದರು: “ಒಯ್ಯೂದಿದ್ರ ಎಲ್ಲಾ ಒಯ್ಯೋ ಯಪ್ಪಾ. ಒಂದ ಒಯ್ದ್ರ, ಉಳದಾವ ಏನ ಪಾಪ ಮಾಡ್ಯಾವ?”

ಅವನು ನಕ್ಕ. ಉಳಿದವು ಯಾರವೋ ಗೊತ್ತಿಲ್ಲ ಆಯಿ, ಬೆಂಗಳೂರಿನ ಮನೆಯಲ್ಲಿ ಜಾಗ ಇಲ್ಲ ಎಂದ. ಕೊಟ್ಟ ದುಡ್ಡು ಕಡಿಮೆಯದ್ದಲ್ಲ, ಆಕೆ ಕೇಳದೆಯೇ ಧಾರಾಳವಾಗಿ ಕೊಟ್ಟ. ರದ್ದಿಯ ದರದಲ್ಲಿ ಮುದುಕಿಗೆ ಮೋಸ ಮಾಡಿದ ಎಂದು ಅವನ ಮೇಲೆ ಹೇಳುವಂತಿಲ್ಲ. ಆದರೂ ಆ ಮಾತಿನ ಎದುರಿಗೆ ಅವನ ಹವ್ಯಾಸ ಸಣ್ಣದಾಗಿ ಕಂಡಿತು, ಈಗಲೂ ಹಾಗೆಯೇ ಕಾಣುತ್ತದೆ. ಯಾಕೆಂದರೆ ನಿಜವಾದ ಅಪರೂಪ ಯಾವುದು ಎಂಬ ಲೆಕ್ಕವೇ ಅಲ್ಲಿ ತಲೆಕೆಳಗಾಗಿತ್ತು. ಬೇಂದ್ರೆಯವರ ಕವಿತೆಗಳು ಎಷ್ಟೋ ಮುದ್ರಣ ಕಂಡಿವೆ, ಸಮಗ್ರ ಕಾವ್ಯದಲ್ಲಿ ಸೇರಿವೆ, ಹಾಡಾಗಿ ಮನೆಮನೆಗೆ ಮುಟ್ಟಿವೆ. ಆ ಪ್ರತಿ ಸುಟ್ಟುಹೋದರೂ ಕನ್ನಡಕ್ಕೆ ಒಂದಕ್ಷರ ಕಡಿಮೆಯಾಗುವುದಿಲ್ಲ. ನೀಲಿ ಮಸಿಯಲ್ಲಿ ತಿದ್ದಿದ ಆ ಪುಸ್ತಕ ಹೋದರೆ ಅದರೊಡನೆ ಅದರ ಪದಗಳೂ ಹೋಗಬಹುದು. ಬೇಡಿಕೆ ಇಲ್ಲದ್ದಕ್ಕೆ ಮಾರುಕಟ್ಟೆ ಅಪರೂಪ ಎನ್ನುವುದಿಲ್ಲ, ರದ್ದಿ ಎನ್ನುತ್ತದೆ.

ಯಾವುದು ದೊಡ್ಡ ಕಾವ್ಯ, ಯಾವುದು ಅಲ್ಲ ಎಂಬ ತೂಕ ಬೇಡವೇ ಎಂದು ಕೇಳಬಹುದು. ಬೇಕು. ಆ ಟ್ರಂಕಿನ ಬಹುಪಾಲು ಪದ್ಯಗಳು ಸಾಧಾರಣ, ಕೆಲವು ಅದಕ್ಕಿಂತ ಕೆಳಗೆ. ಬಿನ್ನವತ್ತಳೆಯಲ್ಲಿ ಕಾವ್ಯ ಹುಡುಕುವಷ್ಟು ಭಾವುಕತೆ ನನಗಿಲ್ಲ. ಆದರೆ ತೂಕ ಹಾಕಬೇಕಾದರೆ ತಕ್ಕಡಿಯಲ್ಲಿಡಲು ವಸ್ತು ಇರಬೇಕಲ್ಲ. ಇದೇ ಬೈಲಹೊಂಗಲದ ಸಂಗ್ಯಾ ಬಾಳ್ಯಾನ ಕತೆಯನ್ನು, ಸಂಗೊಳ್ಳಿ ರಾಯಣ್ಣನ ದಂಗೆಯ ಪದವನ್ನು ಊರಿನ ದೊಡ್ಡವರು ಕಾವ್ಯವೆಂದು ಎಣಿಸಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿ ಸರಕಾರದ ಅಧಿಕಾರಿ ಜೆ. ಎಫ್. ಫ್ಲೀಟ್ ಅವನ್ನು ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಶಾಸನ ಓದುವ ಪಂಡಿತ ಅವನು, ಲಾವಣಿಯನ್ನೂ ಶಾಸನದಷ್ಟೇ ಮರ್ಯಾದೆಯಿಂದ ಕಂಡ. ಆ ಪದ ಕಟ್ಟಿದವರು ಯಾರೂ ಅವನಿಗೆ ಸಹಿ ಹಾಕಿ ಕೊಟ್ಟಿರಲಿಲ್ಲ.

ಸಿರಸಂಗಿಯ ನೆರಳಿನಲ್ಲಿ ಕೂತು ಕೂಡಿಡುವ ಮಾತಾಡುವಾಗ ಲಿಂಗರಾಜ ದೇಸಾಯರನ್ನು ದಾಟಿ ಹೋಗಲಾಗುವುದಿಲ್ಲ. 1861ರಲ್ಲಿ ಹುಟ್ಟಿದವರು, ದತ್ತಕವಾಗಿ ಸಿರಸಂಗಿ ಸಂಸ್ಥಾನಕ್ಕೆ ಬಂದವರು, 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಮೊದಲ ಸಲ ಸೇರಿದಾಗ ಅಧ್ಯಕ್ಷರಾಗಿ ಕುಳಿತವರು. ಮಕ್ಕಳಿರಲಿಲ್ಲ. 1906ರಲ್ಲಿ ತೀರಿಕೊಂಡಾಗ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆಂದು ಬಿಟ್ಟುಹೋಗಿದ್ದರು. ವಾಡೆ, ಭೂಮಿ, ವತನ ಎಂದು ತಲೆಮಾರುಗಳಿಂದ ಕೂಡಿದ್ದು ಒಂದೇ ಪತ್ರದಲ್ಲಿ ಗುರುತಿಲ್ಲದ ಹುಡುಗರ ಶಾಲೆಯ ಫೀಜಾಗಿ ಕರಗಿತು. ಒಂದೇ ಸಮಾಜಕ್ಕೇಕೆ ಎಂದು ಇಂದಿನವರು ಕೇಳುವುದು ಸರಿಯೇ. ಆದರೆ ಕೊಟ್ಟದ್ದು ಕೊಟ್ಟವರ ಲೆಕ್ಕದೊಳಗೇ ಉಳಿಯುವುದಿಲ್ಲ. ಅವರ ಹೆಸರು ಹೊತ್ತ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಘೋಡಗೇರಿಯ ಕಂಬಾರರ ಮನೆಯ ಹುಡುಗ ಚಂದ್ರಶೇಖರ ಓದಿದ. ಅವನ ಮೊದಲ ಪದ್ಯಸಂಗ್ರಹ ‘ಮುಗುಳು’ 1958ರಲ್ಲಿ ಬಂತು. ಐವತ್ತರ ದಶಕದಲ್ಲಿ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಮೈಸೂರಿನ ಎ. ಕೆ. ರಾಮಾನುಜನ್ ಈ ಸೀಮೆಯ ಹೆಂಗಸರು ಹೇಳುವ ಕತೆಗಳಿಗೆ ಕಿವಿಗೊಟ್ಟರು. ಮುಂದೆ ಅವರ ಕನ್ನಡ ಕವಿತೆಗಳ ಮೊದಲ ಪುಸ್ತಕ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಧಾರವಾಡದ ಅದೇ ಮನೋಹರ ಗ್ರಂಥಮಾಲೆಯಿಂದ ಹೊರಬಂತು. ‘ಮುಗುಳು’ವಿನ ಮೊದಲ ಮುದ್ರಣಕ್ಕೂ ‘ಹೊಕ್ಕುಳಲ್ಲಿ ಹೂವಿಲ್ಲ’ದ ಮೊದಲ ಮುದ್ರಣಕ್ಕೂ ಇಂದು ಸಂಗ್ರಾಹಕರು ಹಂಬಲಿಸುತ್ತಾರೆ. ಸಿರಸಂಗಿಯ ವಾಡೆಯನ್ನು ನೋಡಲು ಬರುವವರು ಕಡಿಮೆ.

ಕೂಡಿಡುವುದಕ್ಕೆ ನನ್ನ ಕಣ್ಣಿಗೆ ದೊಡ್ಡ ಆದರ್ಶ ಎಂದರೆ ಫ. ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲರು. ಗೋಕಾಕ ಸೀಮೆಯಿಂದ ಹಿಡಿದು ಎಲ್ಲೆಲ್ಲಿಯ ಮಠ, ಮನೆಗಳ ಜಗುಲಿಯ ಮೇಲಿದ್ದ ವಚನಗಳ ಓಲೆಗರಿಗಳನ್ನು ಬೇಡಿ ತಂದರು. ಆ ಗರಿಗಳಿಗೆ ಅಂದು ಪೂಜೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಗಂಧ, ಕುಂಕುಮ ಹಚ್ಚಿ ಬಟ್ಟೆಯಲ್ಲಿ ಕಟ್ಟಿಟ್ಟವು ಅವು. ಹಳಕಟ್ಟಿಯವರು ಬಯಸಿದ್ದರೆ ಕರ್ನಾಟಕದಲ್ಲೇ ದೊಡ್ಡ ಓಲೆಗರಿಯ ಧಣಿಯಾಗಿ ಉಳಿಯಬಹುದಿತ್ತು. ಅವರಿಗೆ ಅಚ್ಚಿನ ಹುಚ್ಚು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಅಚ್ಚು ಮಾಡದೆ ಹಿಂದಕ್ಕೆ ಕಳಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯದ ಬಾಗಿಲು ಕಾಯುವುದು ಸಾಕೆಂದು 1925ರಲ್ಲಿ ವಿಜಯಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಇದ್ದ ಮನೆ ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಒಂದೊಂದು ಪುಸ್ತಕ ಅಚ್ಚಾದಾಗಲೂ ಅವರ ಸಂಗ್ರಹದ ಒಂದೊಂದು ಗರಿ ‘ಲೋಕದಲ್ಲಿ ಇದೊಂದೇ’ ಎಂಬ ಹೆಮ್ಮೆ ಕಳೆದುಕೊಂಡಿತು. ತಾನು ಕೂಡಿಟ್ಟದ್ದರ ಅಪರೂಪವನ್ನು ತಾನೇ ಮುಗಿಸುವುದಕ್ಕೆ ಆಯುಷ್ಯ ತೆತ್ತ ಸಂಗ್ರಾಹಕ! ಇಂದು ಸಿರಸಂಗಿಯ ಹುಡುಗಿಯೊಬ್ಬಳು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಅಕ್ಕಮಹಾದೇವಿಯ ವಚನ ಹೇಳಿದರೆ ಅದು ಆ ಮನೆ ಮಾರಿದ ದುಡ್ಡಿನ ಬಡ್ಡಿ.

ಅಚ್ಚಾದ ಮೇಲೆ ಮೂಲ ಪ್ರತಿ ಬೇಡವೇ? ಬೇಕೇ ಬೇಕು. ಮರುಮುದ್ರಣದಲ್ಲಿ ಕವಿತೆ ಬರುತ್ತದೆ, ಪುಸ್ತಕದ ಜಾತಕ ಬರುವುದಿಲ್ಲ. ಯಾವ ಸಣ್ಣ ಊರಿನಲ್ಲಿ ಯಾವ ಮುದ್ರಣಾಲಯವಿತ್ತು, ಕಾಗದ ತುಟ್ಟಿಯಾದ ಯುದ್ಧದ ವರ್ಷಗಳಲ್ಲಿ ಎಂಥ ಹಾಳೆ ಬಳಸಿದರು, ಹಿಂಬದಿಯಲ್ಲಿ ಜಾಹೀರಾತು ಕೊಟ್ಟು ಖರ್ಚು ಹೊತ್ತ ಅಂಗಡಿ ಯಾವುದು, ಕವಿ ಯಾರನ್ನು ನೆನೆದು ಅರ್ಪಣೆ ಮಾಡಿದ, ಮುಂದಿನ ಮುದ್ರಣದಲ್ಲಿ ಯಾವ ಸಾಲು ಕೈಬಿಟ್ಟ, ಇದೆಲ್ಲ ಮೊದಲ ಪ್ರತಿ ಮಾತ್ರ ಹೇಳುತ್ತದೆ. ಅದನ್ನು ಒಣ ಜಾಗದಲ್ಲಿಟ್ಟು, ಬೇವಿನ ಎಲೆ ಹಾಕಿ, ಮಳೆಗಾಲ ದಾಟಿಸುವ ಹುಚ್ಚರು ಇದ್ದುದರಿಂದಲೇ ನಮಗೆ ಇಷ್ಟಾದರೂ ಉಳಿದಿದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಎಸೆದದ್ದನ್ನು ಎತ್ತಿಕೊಂಡ ಸಂಗ್ರಾಹಕರನ್ನು ನಾನು ಬಲ್ಲೆ. ಇನ್ನೊಂದು ತರದವರನ್ನೂ ಬಲ್ಲೆ: ಪುಸ್ತಕ ಬಿಚ್ಚಿದರೆ ಮಡಿಕೆ ಬೀಳುತ್ತದೆ, ಬೆಲೆ ಇಳಿಯುತ್ತದೆ ಎಂದು ಒಮ್ಮೆಯೂ ಓದದವರು, ಸಂಶೋಧನೆಯ ಹುಡುಗರು ಬಂದರೆ ಇಲ್ಲವೆನ್ನುವವರು. ತನ್ನಲ್ಲಿರುವುದು ಇನ್ನೊಬ್ಬರಲ್ಲಿ ಇಲ್ಲ ಎಂಬುದೇ ಇವರ ಸುಖದ ಬಂಡವಾಳ. ಕವಿತೆ ಬರೆದವನು ಎಂಟಾಣೆಗೆ ಕೊಡುತ್ತಿದ್ದ, ಎಷ್ಟೋ ಸಲ ಹಾಗೆಯೇ ಕೊಡುತ್ತಿದ್ದ ಎಂಬುದನ್ನು ಇವರು ಮರೆಯುತ್ತಾರೆ. (ಈಚೆಗೆ ಹೊಸ ಪ್ರಕಾಶಕರು ‘ಮುಂಗಡ ಕಾಯ್ದಿರಿಸಿದವರಿಗೆ ಕವಿಯ ಸಹಿಯಿರುವ ಪ್ರತಿ’ ಎಂದು ಮಾರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಕವಿ ಬದುಕಿರುವಾಗಲೇ ಅವನ ಸಹಿಗೆ ನಾಲ್ಕು ಕಾಸು ಬರಲಿ.)

ಹಂಚುವುದಕ್ಕೆ ಕಾನೂನಿನ ಅಡ್ಡಿಯೂ ಉಂಟು, ದಾರಿಯೂ ಉಂಟು. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವನ ವಾರಸುದಾರರದು. ಹಳಕಟ್ಟಿಯವರು 1964ರಲ್ಲಿ ಹೋದರು, ಅವರ ಬರವಣಿಗೆ 2025ರ ಆರಂಭದಿಂದ ಎಲ್ಲರದೂ ಆಗಿದೆ. ಬೇಂದ್ರೆಯವರು ಹೋದದ್ದು 1981ರಲ್ಲಿ; ಅವರ ಪುಸ್ತಕವನ್ನು ಸ್ಕ್ಯಾನ್ ಮಾಡಿ ಲೋಕಕ್ಕೆಲ್ಲ ಹಂಚಲು ಇನ್ನೂ ಕಾಯಬೇಕು. ಆದರೆ ಮಾರಾಟದಲ್ಲಿ ಸಿಗದ ಪುಸ್ತಕದ ಮೂರರವರೆಗೆ ನಕಲುಗಳನ್ನು ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಕೊಳ್ಳಲು ಅದೇ ಕಾಯ್ದೆ ಅವಕಾಶ ಕೊಡುತ್ತದೆ. 1867ರ ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಬ್ರಿಟಿಷರ ಕಾಲದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಯನ್ನು ಸರಕಾರಕ್ಕೆ ಒಪ್ಪಿಸಬೇಕಿತ್ತು. ಹೀಗಾಗಿ ನಮ್ಮೂರಲ್ಲಿ ಸಿಗದ ನಮ್ಮೂರಿನವರ ಪದ್ಯದ ಪುಸ್ತಕ ಲಂಡನ್ನಿನ ಗ್ರಂಥಾಲಯದಲ್ಲಿ ಬೆಚ್ಚಗಿರಬಹುದು. ಹೆಮ್ಮೆ ಪಡುವುದೋ ನಾಚಿಕೊಳ್ಳುವುದೋ ನೀವೇ ಹೇಳಿ. ಬೆಂಗಳೂರಿನಲ್ಲಿ ಕೆಲವರು ಇಂಥ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುವ ಕೆಲಸ ಮಾಡುತ್ತಿದ್ದಾರೆ. ಆದರೆ ಪುಸ್ತಕ ಅವರ ಕೈಗೆ ಮುಟ್ಟಬೇಕಲ್ಲ. ಅದು ಇರುವುದು ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಮನೆಗಳ ಅಟ್ಟದ ಮೇಲೆ.

ಈ ಸಲ ದೀಪಾವಳಿಗೆ ಸುಣ್ಣ ಹಚ್ಚುವ ಮುನ್ನ ಅಟ್ಟದ ಟ್ರಂಕು ಇಳಿಸಿದಾಗ ರದ್ದಿಯವನನ್ನು ಕರೆಯುವುದು ಒಂದು ದಿನ ತಡವಾಗಲಿ. ಪಿನ್ನಿಗೆ ತುಕ್ಕು ಹಿಡಿದ ತೆಳ್ಳನೆಯ ಪುಸ್ತಕ ಕಂಡರೆ ಹೊದಿಕೆ, ಒಳಪುಟ, ಅರ್ಪಣೆಯ ಪುಟ, ಕೈಬರಹ ಇದ್ದ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಊರಿನ ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೋ ಧಾರವಾಡದ ವಿದ್ಯಾವರ್ಧಕ ಸಂಘಕ್ಕೋ ಒಯ್ದು ತೋರಿಸಿ. ಸಹಿಯಿರುವ ಪ್ರತಿ ಕೊಳ್ಳಲು ಯಾರಾದರೂ ಬಂದರೆ ಕೊಡಬೇಡಿ ಎನ್ನುವುದಿಲ್ಲ, ಒಳ್ಳೆಯ ಬೆಲೆಗೇ ಕೊಡಿ. ಅದಕ್ಕೆ ಮೊದಲು ಅವರನ್ನೇ ಕೂಡಿಸಿಕೊಂಡು ಟ್ರಂಕಿನ ಉಳಿದೆಲ್ಲ ಪುಸ್ತಕಗಳ ಯಾದಿ ಬರೆಸಿ: ಪುಸ್ತಕದ ಹೆಸರು, ಬರೆದವರು, ಊರು, ಮುದ್ರಣಾಲಯ, ವರ್ಷ. ಒಂದು ಮಧ್ಯಾಹ್ನದ ಕೆಲಸ.